ಡಾರ್ಸೆಟ್‌ನ ಕಾಲುದಾರಿಯಲ್ಲಿ ಅಜ್ಜಿಯ ದಣಪೆ

ಇಂಗ್ಲೆಂಡ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಬಿಗ್ ಬೆನ್, ಲಾರ್ಡ್ಸ್ ಮೈದಾನ, ಕೆಂಪು ಡಬಲ್ ಡೆಕ್ಕರ್ ಬಸ್ಸು. ಹುಡುಗರಿಗಾದರೆ ಪ್ರೀಮಿಯರ್ ಲೀಗ್. ಡಾರ್ಸೆಟ್ ಅನ್ನೋ ಹೆಸರು ಕ್ಲಾಸಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರೋ ಒಂದು ಕೌಂಟಿ ಅದು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇಡೀ ಕೌಂಟಿಯಲ್ಲಿ ಒಂದೇ ಒಂದು ಮೋಟಾರ್‌ವೇ ಇಲ್ಲ. ಇರೋದು ಗುಡ್ಡ, ಹುಲ್ಲುಗಾವಲು, ಪೈನ್ ಕಾಡು, ಸುಣ್ಣದ ಹಾಗೆ ಬೆಳ್ಳಗಿರೋ ಕಡಲ ಬಂಡೆಗಳು, ಇವನ್ನೆಲ್ಲ ಜೋಡಿಸೋ ನೂರಾರು ಕಾಲುದಾರಿಗಳು.

ಎರಡನೇ ಸೆಮ್ ಮುಗಿದ ರಜೆಯಲ್ಲಿ ನಾವು ಮೂರು ವಾರ ಅಲ್ಲಿದ್ದೆವು. ನಾವು ಅಂದರೆ ಬೋರ್ನ್‌ಮತ್ ಊರಲ್ಲಿ ಕೆಲಸದಲ್ಲಿರೋ ಅಕ್ಕ ಮತ್ತು ಈ ಬರಹ ಬರೀತಿರೋ ತಮ್ಮ. ನಮ್ಮ ಜೊತೆ ಎಪ್ಪತ್ತೆರಡು ವರ್ಷದ ಅಜ್ಜಿ. ಅಜ್ಜಿಗೆ ಇಂಗ್ಲಿಷ್ ಬರಲ್ಲ. ನಮಗೆ ಕನ್ನಡ ಬರುತ್ತೆ, ಆದರೆ ಇಂಗ್ಲಿಷ್ ಮೀಡಿಯಂ ಕನ್ನಡ: ಮಾತಾಡ್ತೀವಿ, ಅರ್ಧ ವಾಕ್ಯ ಆದ ಮೇಲೆ ಶಬ್ದ ಖಾಲಿ ಆಗುತ್ತೆ. ನಡೆಯೋದರಲ್ಲಿ ಮಾತ್ರ ಅಜ್ಜಿ ನಮ್ಮಿಬ್ಬರಿಗಿಂತ ಗಟ್ಟಿ. ಲಂಡನ್ ನೋಡೋಣ ಅಂತ ಅಕ್ಕ ಕೇಳಿದ್ದಕ್ಕೆ, "ಪೇಟೆ ನೋಡೋಕೆ ಇಷ್ಟು ದೂರ ಬರ್ಬೇಕಾ? ಬೆಂಗಳೂರೇ ಸಾಕಾಗಿದೆ" ಅಂದುಬಿಟ್ಟರು. ಹಾಗಾಗಿ ನಡೆದೆವು.

ಮೊದಲ ದಿನ ಸ್ಟಡ್‌ಲೆಂಡ್. ಬೋರ್ನ್‌ಮತ್‌ನಿಂದ ಬಸ್ಸು ಸ್ಯಾಂಡ್‌ಬ್ಯಾಂಕ್ಸ್ ಅನ್ನೋ ಜಾಗಕ್ಕೆ ಹೋಗಿ, ಬಸ್ಸೇ ಫೆರಿ ಮೇಲೆ ಹತ್ತಿಬಿಡುತ್ತೆ. ಆ ಫೆರಿ ಎರಡು ದಪ್ಪ ಚೈನ್‌ಗಳನ್ನು ಹಿಡಿದು ತನ್ನನ್ನು ತಾನೇ ಎಳ್ಕೊಂಡು ಬಂದರಿನ ಬಾಯಿ ದಾಟುತ್ತೆ. ಮೆಕ್ಯಾನಿಕಲ್ ಬ್ರಾಂಚಿನವರು ನೋಡಲೇಬೇಕಾದ ವಸ್ತು. ಆಚೆ ದಡದಲ್ಲಿ ಇಳಿದ ಕೂಡಲೇ ಮರಳಿನ ಪಕ್ಕ ಒಂದು ನೀಲಿ ಬಣ್ಣದ ಲೋಹದ ಗುರುತು ಕಾಣುತ್ತೆ. ಸೌತ್ ವೆಸ್ಟ್ ಕೋಸ್ಟ್ ಪಾತ್ ಅನ್ನೋ ಕಾಲುದಾರಿಯ ಒಂದು ತುದಿ ಅದು. ಅಲ್ಲಿಂದ ಸಮುದ್ರವನ್ನು ಎಡಗಡೆ ಇಟ್ಕೊಂಡು ನಡೀತಾ ಹೋದರೆ ಡಾರ್ಸೆಟ್, ಡೆವನ್, ಕಾರ್ನ್‌ವಾಲ್ ಎಲ್ಲ ಸುತ್ತಿ ಸಾಮರ್‌ಸೆಟ್‌ನ ಮೈನ್‌ಹೆಡ್ ಊರಿಗೆ ತಲುಪಬಹುದು. 630 ಮೈಲಿ, ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಜ್ಜಿಗೆ ಹೇಳಿದಾಗ "ಕಾಶಿಗೆ ನಡೆದು ಹೋದ ಹಾಂಗೆ ಆಯ್ತು" ಅಂದರು.

ನಾವು ಅಷ್ಟೇನೂ ನಡೀಲಿಲ್ಲ. ಮತ್ತೆ ಬಸ್ಸು ಹಿಡಿದು ಸ್ಟಡ್‌ಲೆಂಡ್ ಹಳ್ಳಿಯಲ್ಲಿ ಇಳಿದು, ಅಲ್ಲಿಂದ ಓಲ್ಡ್ ಹ್ಯಾರಿ ರಾಕ್ಸ್‌ವರೆಗೆ ಹೋದೆವು. ಹೆಚ್ಚುಕಮ್ಮಿ ಸಮತಟ್ಟಾದ ದಾರಿ. ಎಡಗಡೆ ಬೇಲಿಯಲ್ಲಿ ಬ್ಲ್ಯಾಕ್‌ಬೆರಿ ಆಗತಾನೇ ಕಪ್ಪಾಗ್ತಾ ಇತ್ತು. ದಾರಿಯಲ್ಲಿ ಹೋಗೋರು ಯಾರು ಬೇಕಾದ್ರೂ ಕಿತ್ತು ತಿಂತಾರೆ. ಅಜ್ಜಿ ಒಂದು ಬಾಯಿಗೆ ಹಾಕಿಕೊಂಡು, "ಕೌಳಿ ಹಣ್ಣಿನಷ್ಟು ಹುಳಿ ಇಲ್ಲ" ಅಂತ ತೀರ್ಪು ಕೊಟ್ಟರು. ದಾರಿ ಮುಗಿಯೋ ಕಡೆ ನೆಲ ಇದ್ದಕ್ಕಿದ್ದಂತೆ ನಿಂತು ಹೋಗುತ್ತೆ. ಕೆಳಗೆ ಸಮುದ್ರ, ಅದರ ಮಧ್ಯ ಬಿಳೀ ಕಂಬದ ಹಾಗೆ ನಿಂತಿರೋ ಚಾಕ್ ಬಂಡೆಗಳು. ಕಡಲು ಮೊದಲು ಬಂಡೆಯ ಬಿರುಕನ್ನು ಕೊರೆದು ಗುಹೆ ಮಾಡುತ್ತೆ, ಗುಹೆ ಆಚೆ ಈಚೆ ತೆರೆದು ಕಮಾನು ಆಗುತ್ತೆ, ಕಮಾನಿನ ತಲೆ ಬಿದ್ದು ಕಂಬ ಉಳಿಯುತ್ತೆ, ಕೊನೆಗೆ ಕಂಬವೂ ಬೀಳುತ್ತೆ. ಓಲ್ಡ್ ಹ್ಯಾರಿಯ ಪಕ್ಕ ಅವನ ಹೆಂಡತಿ ಅಂತ ಕರೀತಿದ್ದ ಇನ್ನೊಂದು ಕಂಬ ಇತ್ತು. 1896ರಲ್ಲಿ ಅದು ಬಿದ್ದು ಈಗ ಬುಡ ಮಾತ್ರ ಉಳಿದಿದೆ. ಹವೆ ತಿಳಿಯಾಗಿದ್ದರೆ ದೂರದಲ್ಲಿ ಐಲ್ ಆಫ್ ವೈಟ್ ದ್ವೀಪದ ತುದಿಯಲ್ಲೂ ಇಂಥದೇ ಬಿಳಿ ಬಂಡೆಗಳು ಕಾಣುತ್ತವೆ. ಒಂದು ಕಾಲದಲ್ಲಿ ಎರಡೂ ಒಂದೇ ಗುಡ್ಡದ ಸಾಲು. ನಡುವಿನದ್ದನ್ನು ಕಡಲು ತಿಂದು ಹಾಕಿದೆ.

ಇಲ್ಲಿಂದ ಶುರುವಾಗಿ ಪಶ್ಚಿಮಕ್ಕೆ ಡೆವನ್‌ವರೆಗೆ ಹೋಗೋ 95 ಮೈಲಿ ತೀರವನ್ನು ಜುರಾಸಿಕ್ ಕೋಸ್ಟ್ ಅಂತಾರೆ. 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಪೂರ್ವದಿಂದ ಪಶ್ಚಿಮಕ್ಕೆ ನಡೀತಾ ಹೋದ ಹಾಗೆ ಬಂಡೆಗಳ ವಯಸ್ಸು ಹೆಚ್ಚುತ್ತಾ ಹೋಗುತ್ತೆ. ಒಟ್ಟು 18.5 ಕೋಟಿ ವರ್ಷದ ಚರಿತ್ರೆ ಒಂದು ಕಾಲುದಾರಿಯ ಪಕ್ಕ ಬಿಚ್ಚಿಕೊಂಡು ಬಿದ್ದಿದೆ.

ಎರಡನೇ ನಡಿಗೆ ವರ್ತ್ ಮ್ಯಾಟ್ರವರ್ಸ್ ಅನ್ನೋ ಹಳ್ಳಿಯಿಂದ. ಬೂದು ಕಲ್ಲಿನ ಮನೆಗಳು, ಕಲ್ಲಿನದೇ ಚಾವಣಿ, ಒಂದು ಬಾತುಕೋಳಿ ಕೆರೆ. ಅಲ್ಲಿಂದ ಒಂದು ಕಣಿವೆಯಲ್ಲಿ ಇಳಿದು ವಿನ್‌ಸ್ಪಿಟ್ ಅನ್ನೋ ಹಳೇ ಕಲ್ಲುಗಣಿಯ ಮೂಲಕ ಸಮುದ್ರ ಮುಟ್ಟಬಹುದು. ಎರಡೂ ಪಕ್ಕದ ಇಳಿಜಾರಿನಲ್ಲಿ ದೊಡ್ಡ ದೊಡ್ಡ ಮೆಟ್ಟಿಲಿನ ಗುರುತು. ಮಧ್ಯಯುಗದಲ್ಲಿ ರೈತರು ಉತ್ತು ಉತ್ತು ಆದ ಪಟ್ಟಿ ಹೊಲಗಳಂತೆ. ಅಜ್ಜಿ ಬೋರ್ಡು ಓದದೇನೇ "ಇಲ್ಲಿ ಬೇಸಾಯ ಮಾಡಿದ್ದಾರೆ ನೋಡು" ಅಂದಿದ್ದರು.

ಈ ದಾರಿಯಲ್ಲಿ ಒಂದು ಕಡೆ ಬೇಲಿ ಅಡ್ಡ ಬಂತು. ಬೇಲಿಗೆ ಹೊಂದಿಕೊಂಡು ಚಪ್ಪಟೆ ಕಲ್ಲುಗಳನ್ನು ಮೆಟ್ಟಿಲಿನ ಹಾಗೆ ನಿಲ್ಲಿಸಿದ್ದರು. ಈ ಕಡೆ ಹತ್ತಿ ಆ ಕಡೆ ಇಳಿಯಬೇಕು. ಮನುಷ್ಯರು ದಾಟಬಹುದು, ದನ ಕುರಿ ದಾಟೋಕಾಗಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಸ್ಟೈಲ್ ಅಂತಾರೆ ಅಂತ ಅಕ್ಕ ಹೇಳಿದಳು. ಹನ್ನೆರಡು ವರ್ಷ ಇಂಗ್ಲಿಷಿನಲ್ಲೇ ಓದಿದ ನಮಗೆ ಆ ಶಬ್ದ ಅವತ್ತಿನವರೆಗೆ ಫ್ಯಾಷನ್ ಅರ್ಥದಲ್ಲಿ ಮಾತ್ರ ಗೊತ್ತಿತ್ತು. ಸ್ಪೆಲಿಂಗೇ ಬೇರೆ ಅನ್ನೋದೂ ಅಲ್ಲೇ ಗೊತ್ತಾಗಿದ್ದು. ಅಜ್ಜಿಗೆ ಇದನ್ನು ಹೇಗೆ ವಿವರಿಸೋದು ಅಂತ ನಾವು ಶಬ್ದ ಹುಡುಕ್ತಾ ಇದ್ದರೆ, ಅಜ್ಜಿ ಆಗಲೇ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ಸ್ಪೋರ್ಟ್ಸ್ ಶೂ ಕಾಲನ್ನು ಕಲ್ಲಿನ ಮೇಲಿಟ್ಟು, ಆಚೆ ಇಳಿದು ನಿಂತಿದ್ದರು.

"ದಣಪೆ ದಾಟೋಕೆ ಎಂತ ಇಷ್ಟು ಯೋಚನೆ?" ಅಂದರು.

ದಣಪೆ! ನಾವು ಯಾವತ್ತೂ ಕೇಳಿರದ ಶಬ್ದ. ಅವರ ಊರಲ್ಲಿ ಬೇಲಿಯ ನಡುವೆ ಬಿದಿರಿನ ಗಳು ಅಡ್ಡ ಹಾಕಿ ಹೀಗೇ ದಾರಿ ಬಿಡ್ತಿದ್ದರಂತೆ. ತೋಟಕ್ಕೊಂದು, ಗದ್ದೆಗೊಂದು. ಕೆಲವು ಕಡೆ ಉಣಗೋಲು ಅಂತಾರೆ, ಕೆಲವು ಕಡೆ ತಡಬೆ ಅಂತಾರೆ, "ನಮ್ಮ ಬದಿ ದಣಪೆ". ಆಮೇಲೆ ಮೂರು ವಾರ ನಾವೂ ಸ್ಟೈಲ್ ಅನ್ನಲಿಲ್ಲ. "ಮುಂದೆ ಎರಡು ದಣಪೆ ಇದೆ, ಆಮೇಲೆ ಎಡಕ್ಕೆ" ಅಂತಲೇ ಮ್ಯಾಪ್ ನೋಡಿ ಹೇಳ್ತಿದ್ದೆವು.

ಮ್ಯಾಪಿನ ಬಗ್ಗೆ ಹೇಳಲೇಬೇಕು. ಆರ್ಡನೆನ್ಸ್ ಸರ್ವೇ ಅನ್ನೋ ಸಂಸ್ಥೆ 1791ರಿಂದ ಬ್ರಿಟನ್ನಿನ ನಕ್ಷೆ ಮಾಡ್ತಾ ಬಂದಿದೆ. ನಮ್ಮ ಕೈಯಲ್ಲಿದ್ದದ್ದು 1:25,000 ಅಳತೆಯ ಕಾಗದದ ನಕ್ಷೆ. ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಅದರಲ್ಲಿ ಬೇಲಿಯೂ ಇದೆ, ಬಾವಿಯೂ ಇದೆ. ಎಲ್ಲದಕ್ಕಿಂತ ಮುಖ್ಯವಾಗಿ ಹಸಿರು ಗೆರೆಗಳಿವೆ. ಸಣ್ಣ ಹಸಿರು ಗೀಟುಗಳು ಅಂದರೆ ಸಾರ್ವಜನಿಕ ಕಾಲುದಾರಿ. ಅದು ಯಾರದ್ದೋ ಹೊಲದ ನಡುವೆ, ಯಾರದ್ದೋ ಕೊಟ್ಟಿಗೆಯ ಪಕ್ಕ ಹೋಗ್ತಿರಬಹುದು. ನೆಲ ಅವರದ್ದೇ, ಆದರೆ ಆ ಗೆರೆಯ ಮೇಲೆ ನಡೆಯೋ ಹಕ್ಕು ಎಲ್ಲರದ್ದು. ಇಂಗ್ಲೆಂಡಿನವರದ್ದಷ್ಟೇ ಅಲ್ಲ, ವಿಸಿಟರ್ ವೀಸಾದಲ್ಲಿ ಬಂದಿದ್ದ ನಮ್ಮ ಅಜ್ಜಿಯದ್ದೂ.

ಇದು ರೈತರ ಔದಾರ್ಯದ ಮೇಲೆ ನಿಂತಿರೋ ವಿಷಯವಲ್ಲ, ಕಾನೂನು. 1949ರಲ್ಲಿ ಬಂದ ಒಂದು ಕಾಯ್ದೆ ಪ್ರತಿ ಕೌಂಟಿಯೂ ತನ್ನಲ್ಲಿರೋ ಸಾರ್ವಜನಿಕ ದಾರಿಗಳನ್ನು ಪತ್ತೆ ಮಾಡಿ ಅಧಿಕೃತ ನಕ್ಷೆ ಮಾಡಬೇಕು ಅಂತ ಹೇಳಿತು. ಆ ನಕ್ಷೆಗೆ ಸೇರಿದ ದಾರಿಯನ್ನು ಮಾಲೀಕ ಮುಚ್ಚೋ ಹಾಗಿಲ್ಲ. ಹೊಲ ಉಳುವಾಗ ಅಡ್ಡ ಹಾದ ದಾರಿ ಅಳಿಸಿ ಹೋದರೆ 14 ದಿನದೊಳಗೆ ಮತ್ತೆ ಸರಿಮಾಡಿ ಕೊಡಬೇಕು. ಇನ್ನೊಂದು ನಿಯಮ ನಮಗೆ ತುಂಬಾ ಇಷ್ಟ ಆಯ್ತು: ಯಾರ ತಡೆಯೂ ಇಲ್ಲದೆ, ಯಾರ ಅಪ್ಪಣೆಯೂ ಕೇಳದೆ, ಜನ ಒಂದು ದಾರಿಯಲ್ಲಿ 20 ವರ್ಷ ನಡೆದಿದ್ದರೆ ಸಾಮಾನ್ಯವಾಗಿ ಅದನ್ನು ಸಾರ್ವಜನಿಕ ದಾರಿ ಅಂತ ಒಪ್ಪಿಕೊಳ್ಳಲಾಗುತ್ತೆ. ಅಂದರೆ ಕಾಲುಗಳೇ ಸಾಕ್ಷಿ. ಗೇಟಿನ ಕಂಬದ ಮೇಲೆ ಪುಟ್ಟ ಹಳದಿ ಬಾಣ ಇದ್ದರೆ ನಡೆಯೋರಿಗೆ, ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿಗೂ ಸೇರಿ. ಅಜ್ಜಿ ಎರಡೇ ದಿನದಲ್ಲಿ ಬಾಣ ಓದೋದು ಕಲಿತರು. ಕೆಲವು ಹೊಲಗಳಲ್ಲಿ ದನಗಳ ಹಿಂಡಿನ ನಡುವೆಯೇ ದಾರಿ. ಅಲ್ಲಿನ ವಾಕಿಂಗ್ ಜನ ಅಳುಕುತ್ತಾ ಅಂಚಿನಲ್ಲಿ ಹೋಗ್ತಿದ್ದರೆ, ಅಜ್ಜಿ "ಹೈ, ಹೈ, ಸರಿ ಅತ್ಲಾಗೆ" ಅಂತ ಮಲೆನಾಡಿನ ಕನ್ನಡದಲ್ಲಿ ಗದರಿಸಿದರು. ಡಾರ್ಸೆಟ್‌ನ ದನಗಳಿಗೆ ಅರ್ಥವಾಯ್ತು.

ಕಾಡಿನ ನಡಿಗೆಗೆ ವೇರಮ್ ಫಾರೆಸ್ಟಿಗೆ ಹೋದೆವು. ಎತ್ತರದ ಪೈನ್ ಮರಗಳು, ಮರಳು ಮಿಶ್ರಿತ ಮೆತ್ತನೆ ದಾರಿ, ನಡೆದರೆ ಸದ್ದೇ ಇಲ್ಲ. ನಮಗೆ ಇದು ಹಳೇ ಕಾಡು ಅನ್ನಿಸಿತ್ತು. ಆದರೆ ಇದು ನೆಟ್ಟ ಕಾಡು. ಮೊದಲ ಮಹಾಯುದ್ಧದಲ್ಲಿ ಮರದ ಕೊರತೆ ಕಂಡ ಬ್ರಿಟನ್ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಮಾಡಿ, ಇಂಥ ಬಯಲುಗಳಲ್ಲೆಲ್ಲ ಸಾಲಾಗಿ ಪೈನ್ ನೆಡಿಸಿತು. ಅದಕ್ಕೂ ಮೊದಲು ಇಲ್ಲಿ ಇದ್ದದ್ದು ಹೀತ್: ಮೊಣಕಾಲೆತ್ತರದ ಗಿಡಗಳ ಬಯಲು, ಆಗಸ್ಟಿನಲ್ಲಿ ನೇರಳೆ ಹೂ ಬಿಟ್ಟು ಇಡೀ ನೆಲಕ್ಕೆ ಬಣ್ಣ ಬಳಿದ ಹಾಗೆ ಕಾಣುತ್ತೆ. ಬ್ರಿಟನ್ನಿನಲ್ಲಿ ಸಹಜವಾಗಿ ಇರೋ ಆರು ಜಾತಿಯ ಹಾವು ಹಲ್ಲಿಗಳೂ ಈ ಹೀತ್ ಬಯಲಲ್ಲಿ ಸಿಗುತ್ತವೆ. ಅದಕ್ಕೇ ಈಗ ಕೆಲವು ಕಡೆ ಪೈನ್ ಕಡಿದು ಹೀತ್ ವಾಪಸ್ ತರ್ತಿದ್ದಾರೆ. 2020ರ ಮೇ ತಿಂಗಳಲ್ಲಿ ಇಲ್ಲಿ ದೊಡ್ಡ ಕಾಳ್ಗಿಚ್ಚು ಬಿದ್ದಿತ್ತು. ಬೆಂಕಿ ಹಚ್ಚಬೇಡಿ ಅನ್ನೋ ಬೋರ್ಡು ಎಲ್ಲ ಕಡೆ ಇದೆ. ಇದನ್ನೆಲ್ಲ ಅಜ್ಜಿಗೆ ಹೇಳ್ತಿದ್ದರೆ ಅವರು ಸಾಲು ಮರಗಳನ್ನು ನೋಡಿ, "ನಮ್ಮಲ್ಲಿ ಅಕೇಶಿಯಾ ನೆಟ್ಟ ಹಾಂಗೆ" ಅಂದರು. ಅಷ್ಟೇ. ಅದಕ್ಕಿಂತ ಚೆನ್ನಾಗಿ ನಮಗೆ ಹೇಳೋಕೆ ಬರ್ತಿರಲಿಲ್ಲ.

ಲಲ್‌ವರ್ತ್ ಕೋವ್ ಮತ್ತು ಡರ್ಡಲ್ ಡೋರ್‌ಗೆ ಹೋಗದೆ ಡಾರ್ಸೆಟ್ ಮುಗಿಯಲ್ಲ. ಇನ್‌ಸ್ಟಾದಲ್ಲಿ ನೀವು ಖಂಡಿತ ನೋಡಿರ್ತೀರ, ಸಮುದ್ರಕ್ಕೆ ಕಾಲಿಟ್ಟು ನಿಂತ ಸುಣ್ಣಕಲ್ಲಿನ ಆ ಕಮಾನನ್ನು. ಲಲ್‌ವರ್ತ್ ಕೋವ್ ಅಂದರೆ ಬಟ್ಟಲಿನ ಹಾಗೆ ದುಂಡಗಿರೋ ಕೊಲ್ಲಿ. ಸಮುದ್ರದ ಕಡೆಗೆ ಗಟ್ಟಿ ಸುಣ್ಣಕಲ್ಲಿನ ಗೋಡೆ, ಅದರ ಹಿಂದೆ ಮೆತ್ತನೆ ಜೇಡಿ, ಇನ್ನೂ ಹಿಂದೆ ಚಾಕ್. ಗಟ್ಟಿ ಗೋಡೆ ಒಂದು ಕಡೆ ಒಡೆದ ಮೇಲೆ ಕಡಲು ಒಳನುಗ್ಗಿ ಮೆತ್ತನೆ ಭಾಗವನ್ನು ಸುಲಭವಾಗಿ ಕೊರೆದು ಬಟ್ಟಲು ಮಾಡಿತು. ಈ ತೀರ ಇರೋದು ಖಾಸಗಿ ಎಸ್ಟೇಟ್ ಒಂದರ ಒಡೆತನದಲ್ಲಿ. ಆದರೂ ನಡುವೆ ಕೋಸ್ಟ್ ಪಾತ್ ಹಾದು ಹೋಗುತ್ತೆ. ಎರಡರ ನಡುವಿನ ಗುಡ್ಡದ ದಾರಿ ಕಡಿದಾಗಿದೆ. ಹಾಗಾಗಿ ಅಜ್ಜಿ ಮೇಲೆ ಒಂದು ಬೆಂಚಿನಲ್ಲಿ ಕೂತರು, ನಾವು ಕೆಳಗೆ ಹೋಗಿ ಬಂದೆವು.

ಬಂದು ನೋಡಿದರೆ ಅಜ್ಜಿ ಬೆಂಚಿನ ಬೆನ್ನಿಗೆ ಹೊಡೆದಿದ್ದ ಸಣ್ಣ ಫಲಕವನ್ನು ಬೆರಳಲ್ಲಿ ಸವರುತ್ತಿದ್ದರು. ಅಲ್ಲಿನ ಬಹಳಷ್ಟು ಬೆಂಚುಗಳಲ್ಲಿ ಹೀಗೆ ಇರುತ್ತೆ: ತೀರಿಹೋದವರ ಹೆಸರು, ಈ ಜಾಗ ಅವರಿಗೆ ಇಷ್ಟವಾಗಿತ್ತು ಅನ್ನೋ ಒಂದು ಮಾತು. ಓದಿ ಹೇಳಿದೆವು. "ಇಷ್ಟ ಆದ ಜಾಗ ಇದ್ದಲ್ಲೇ ಇದೆಯಲ್ಲ, ಪುಣ್ಯವಂತರು" ಅಂದರು. ಆಗ ನಾವು ಅದನ್ನು ಅಷ್ಟು ಗಮನಿಸಲಿಲ್ಲ.

ಮರುದಿನ ಭಾನುವಾರ ಅಕ್ಕನ ಹಳೇ ಕಾರಿನಲ್ಲಿ ಟೈನೆಮ್‌ಗೆ ಹೋದೆವು. ಲಲ್‌ವರ್ತ್‌ನಿಂದ ಪೂರ್ವಕ್ಕೆ, ಗುಡ್ಡ ಹತ್ತಿ ಇಳಿದರೆ ಕಣಿವೆಯಲ್ಲಿ ಸಿಗೋ ಹಳ್ಳಿ. ಈ ಪ್ರದೇಶ ಸೈನ್ಯದ್ದು. ಟ್ಯಾಂಕ್‌ಗಳ ಗುಂಡಿನ ಅಭ್ಯಾಸ ನಡೆಯುತ್ತೆ. ಅಭ್ಯಾಸ ಇದ್ದಾಗ ಕೆಂಪು ಬಾವುಟ, ಗೇಟು ಬಂದ್. ಹೆಚ್ಚಿನ ವಾರಾಂತ್ಯಗಳಲ್ಲಿ, ರಜಾ ದಿನಗಳಲ್ಲಿ ಗೇಟು ತೆರೆದಿರುತ್ತೆ. ಒಳಗೆ ದಾರಿಯ ಎರಡೂ ಕಡೆ ಹಳದಿ ಕಂಬಗಳು. ಅವುಗಳ ನಡುವೆಯೇ ನಡೆಯಬೇಕು, ಯಾಕಂದ್ರೆ ಆಚೆ ಸಿಡಿಯದ ಶೆಲ್ಲುಗಳು ಇರಬಹುದು. ಉಳುಮೆ ಇಲ್ಲ, ಗೊಬ್ಬರ ಇಲ್ಲ, ಕಟ್ಟಡ ಇಲ್ಲ. ಹಾಗಾಗಿ ಹೂವು, ಚಿಟ್ಟೆ, ಹಕ್ಕಿ ಎಲ್ಲ ಅಲ್ಲಿ ಸುಖವಾಗಿವೆ.

ಟೈನೆಮ್‌ನಲ್ಲಿ ಯಾರೂ ವಾಸ ಇಲ್ಲ. ಎರಡನೇ ಮಹಾಯುದ್ಧದ ನಡುವೆ, 1943ರ ನವೆಂಬರಿನಲ್ಲಿ ಅಲ್ಲಿನ ಮನೆಗಳಿಗೆ ನೋಟಿಸ್ ಬಂತು. ಟ್ಯಾಂಕ್ ತರಬೇತಿಗೆ ಜಾಗ ಬೇಕು, ಡಿಸೆಂಬರ್ 19ರೊಳಗೆ ಖಾಲಿ ಮಾಡಿ ಅಂತ. ಹಳ್ಳಿ ಮತ್ತು ಸುತ್ತಲಿನ ಸುಮಾರು 225 ಜನ ಹೊರಟರು. ಯುದ್ಧ ಮುಗಿದ ಮೇಲೆ ವಾಪಸ್ ಬರ್ತೀವಿ ಅಂತಲೇ ಅವರು ನಂಬಿದ್ದರು. ಹೋಗುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದರಂತೆ: ಯುದ್ಧ ಗೆಲ್ಲಲಿ ಅಂತ ತಲೆತಲಾಂತರದ ಮನೆ ಬಿಟ್ಟು ಹೋಗ್ತಿದ್ದೀವಿ, ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ಹಿಂತಿರುಗುತ್ತೇವೆ ಅನ್ನೋ ಅರ್ಥದ್ದು. 1948ರಲ್ಲಿ ಸರ್ಕಾರ ಇಡೀ ಜಾಗವನ್ನು ಕಡ್ಡಾಯವಾಗಿ ಕೊಂಡುಬಿಟ್ಟಿತು. ಯಾರೂ ವಾಪಸ್ ಬರಲಿಲ್ಲ.

ಈಗ ಮನೆಗಳಿಗೆ ಚಾವಣಿ ಇಲ್ಲ. ಕಲ್ಲಿನ ಗೋಡೆ, ಅದರಲ್ಲಿ ಕಿಟಕಿಯ ತೂತು, ಒಲೆ ಇದ್ದ ಜಾಗ. ಪೋಸ್ಟ್ ಆಫೀಸಿನ ಎದುರು ಒಂದು ಫೋನ್ ಬೂತ್. ಚರ್ಚು ಮತ್ತು ಶಾಲೆಯನ್ನು ಮಾತ್ರ ಕಾಪಾಡಿ ಒಳಗೆ ಪ್ರದರ್ಶನ ಮಾಡಿದ್ದಾರೆ. ಶಾಲೆಯಲ್ಲಿ ಡೆಸ್ಕುಗಳಿವೆ, ಮಕ್ಕಳ ಪಾಠದ ಹಾಳೆಗಳಿವೆ, ಕೋಟು ನೇತು ಹಾಕೋ ಗೂಟಗಳ ಮೇಲೆ ಮಕ್ಕಳ ಹೆಸರಿದೆ. ಪ್ರತಿ ಮನೆಯ ಮುಂದೆ ಒಂದು ಬೋರ್ಡು, ಯಾರು ಇದ್ದರು, ಏನು ಮಾಡ್ತಿದ್ದರು ಅಂತ.

ನಾವು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳ್ತಾ ಬಂದೆವು. ಶಾಲೆಯ ಗೂಟಗಳ ಹತ್ತಿರ ಅಜ್ಜಿ ನಿಂತುಬಿಟ್ಟರು. "ಇವರಿಗೆ ಊರು ತಿರುಗಿ ಕೊಟ್ಟರಾ?" ಅಂದರು. ಇಲ್ಲ ಅಂದೆವು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಶಾಲೆಲೂ ಹೀಂಗೆ ಗೂಟ ಇತ್ತು. ಕೊಡೆ ನೇತು ಹಾಕೋಕೆ" ಅಂದರು.

ಅಜ್ಜಿಯ ತವರು ಶರಾವತಿ ಕಣಿವೆಯಲ್ಲಿತ್ತು, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿತು ಅನ್ನೋದು ನಮಗೆ ಗೊತ್ತಿತ್ತು. ಜಿಕೆ ಪ್ರಶ್ನೆಗೆ ಉತ್ತರ ಗೊತ್ತಿರುತ್ತಲ್ಲ, ಹಾಗೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಜ್ಜಿಗೆ ಹತ್ತೋ ಹನ್ನೆರಡೋ ವರ್ಷ. ಮನೆಯಲ್ಲಿ ಅವರು ಆ ಬಗ್ಗೆ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅವತ್ತು ವಾರ್ಬರೋ ಕೊಲ್ಲಿಗೆ ಹೋಗೋ ದಾರಿಯಲ್ಲಿ ಮಾತಾಡಿದರು. ಟೈನೆಮ್‌ನಿಂದ ಸಮುದ್ರಕ್ಕೆ ಒಂದು ಮೈಲಿಯೂ ಇಲ್ಲ, ತೊರೆಯ ಪಕ್ಕದಲ್ಲೇ ಅಗಲವಾದ ದಾರಿ. ನಾವು ಆ ಕಡೆ ಈ ಕಡೆ, ಅಜ್ಜಿ ನಡುವೆ.

ಮಾಡಿನ ಹಂಚು ಇಳಿಸಿ, ತೊಲೆ ಕಂಬ ಬಿಚ್ಚಿ ಲಾರಿಗೆ ಹಾಕಿದ್ದರಂತೆ. ಅವರ ಅಪ್ಪ ಮುಂಬಾಗಿಲ ಚೌಕಟ್ಟನ್ನು ಹೊಸ ಜಾಗಕ್ಕೆ ಒಯ್ದು, ಮನೆ ಏಳೋ ಮೊದಲೇ ನಿಲ್ಲಿಸಿದರಂತೆ. ಬಾಗಿಲು ಇತ್ತು, ಗೋಡೆ ಇರಲಿಲ್ಲ. ಹಸು ಮಾತ್ರ ಹೊಸ ಜಾಗದಲ್ಲಿ ಸಂಜೆ ಯಾವ ಕಡೆ ಬರಬೇಕು ಅಂತ ಗೊತ್ತಾಗದೆ ನಿಂತಲ್ಲೇ ಕೂಗ್ತಾ ಇತ್ತಂತೆ. ಹಳೇ ಊರಲ್ಲಿ ಮನೆಯಿಂದ ಶಾಲೆಗೆ ಹೋಗೋಕೆ ತೋಟದ ದಣಪೆ ದಾಟಿ, ಗದ್ದೆ ಅಂಚಲ್ಲಿ ನಡೆದು, ಹಳ್ಳದ ಸಂಕ ದಾಟಿ, ದೊಡ್ಡ ಮಾವಿನ ಮರದ ಹತ್ತಿರ ಬಲಕ್ಕೆ ತಿರುಗಬೇಕಿತ್ತು. ಸಂಕ ಅಂದರೇನು ಅಂತ ಕೇಳಿದೆವು. ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಾಲುಸೇತುವೆ. ಸಿವಿಲ್ ಓದ್ತಿರೋ ಮೊಮ್ಮಗನಿಗೆ ಅಜ್ಜಿ ಸೇತುವೆಯ ಅರ್ಥ ಹೇಳಿದರು.

ಕೊಲ್ಲಿಯಲ್ಲಿ ಬೆಣಚು ಕಲ್ಲುಗಳ ಮೇಲೆ ಕೂತು ತಂದಿದ್ದ ಚಿತ್ರಾನ್ನ ತಿಂದೆವು. ಎದುರು ನೀಲಿ ನೀರು, ಹಿಂದೆ ಬಿಳಿ ಗುಡ್ಡ, ಪಕ್ಕದಲ್ಲಿ ವಾರ್ಬರೋ ಟೌಟ್ ಅನ್ನೋ ಗುಬಟು. ಅಜ್ಜಿ ನಕ್ಷೆ ಬಿಡಿಸೋಕೆ ಹೇಳಿದರು. "ಈ ಊರು ಇದರಲ್ಲಿ ಉಂಟಾ?" ಇತ್ತು. ಟೈನೆಮ್ ಅಂತ ಹೆಸರು, ಚರ್ಚಿನ ಗುರುತು, ಮನೆಗಳ ಗುರುತು, ದಾರಿಯ ಗೆರೆ. ಎಂಬತ್ತು ವರ್ಷದಿಂದ ಯಾರೂ ಇಲ್ಲದ ಊರು ನಕ್ಷೆಯಲ್ಲಿ ಜಾಗ ಬಿಟ್ಟುಕೊಟ್ಟಿಲ್ಲ. "ನಮ್ಮೂರು?" ಅಂದರು. ನಾವು ಫೋನ್ ತೆಗೆದು ಸಾಗರ, ತಾಳಗುಪ್ಪ, ಲಿಂಗನಮಕ್ಕಿ ಅಂತ ಹುಡುಕಿದೆವು. ಜೂಮ್ ಮಾಡಿದಷ್ಟೂ ನೀಲಿ. ಅಜ್ಜಿ ಕನ್ನಡಕ ಹಾಕಿ ನೋಡಿ, "ಇಲ್ಲೇ ಎಲ್ಲೋ" ಅಂತ ಆ ನೀಲಿಯ ಮೇಲೆ ಬೆರಳಿಟ್ಟರು. ಬೆರಳು ತಾಗಿ ಮ್ಯಾಪು ಎತ್ತಲೋ ಸರಿದು ಹೋಯ್ತು.

ಟೈನೆಮ್ ಮತ್ತು ಶರಾವತಿಯನ್ನು ತಕ್ಕಡಿಯಲ್ಲಿ ಹಾಕೋಕೆ ನಾವು ಹೊರಟಿಲ್ಲ. ಅಲ್ಲಿ ಯುದ್ಧ, ಇಲ್ಲಿ ವಿದ್ಯುತ್. ಅಲ್ಲಿ ಇನ್ನೂರು ಚಿಲ್ಲರೆ ಜನ, ಇಲ್ಲಿ ಸಾವಿರಾರು ಕುಟುಂಬ. ಅಲ್ಲಿಯ ಜನರಿಗೂ ನ್ಯಾಯ ಸಿಕ್ಕಿತು ಅಂತೇನಿಲ್ಲ. ಡ್ಯಾಮ್ ಕಟ್ಟಬಾರದಿತ್ತು ಅನ್ನೋ ಧೈರ್ಯವೂ ನಮಗಿಲ್ಲ. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಸಾಮರ್ಥ್ಯದ ಮೇಲೆ ಈ ರಾಜ್ಯ ದಶಕಗಳ ಕಾಲ ಓಡಿದೆ. ಹಾಸ್ಟೆಲಿನಲ್ಲಿ ರಾತ್ರಿ ಎರಡಕ್ಕೆ ಉರಿಯೋ ನಮ್ಮ ಟ್ಯೂಬ್‌ಲೈಟಿನಲ್ಲೂ ಅದರ ಪಾಲಿದೆ. ಮುಳುಗಡೆಯಾದ ಎಷ್ಟೋ ಕುಟುಂಬಗಳಿಗೆ ಹೊಸ ಜಾಗದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ ಅನ್ನೋದೂ ಅಷ್ಟೇ ನಿಜ.

ನಮಗೆ ತಟ್ಟಿದ್ದು ಚಿಕ್ಕ ವಿಷಯ. ಡಾರ್ಸೆಟ್‌ನಲ್ಲಿ ಒಬ್ಬ ಹುಡುಗಿ ಕೋಟು ನೇತು ಹಾಕ್ತಿದ್ದ ಗೂಟ ಯಾವುದು ಅಂತ ಸಾಗರ ತಾಲೂಕಿನ ಅಜ್ಜಿಗೆ ತೋರಿಸಬಹುದು. ಅದೇ ಅಜ್ಜಿ ಕೊಡೆ ನೇತು ಹಾಕ್ತಿದ್ದ ಗೂಟದ ವಿಷಯ ಅವರ ಸ್ವಂತ ಮೊಮ್ಮಕ್ಕಳಿಗೆ ಗೊತ್ತಿರಲಿಲ್ಲ. ಪ್ರತಿ ಮಳೆಗಾಲ ಪೇಪರಿನಲ್ಲಿ ಲಿಂಗನಮಕ್ಕಿ ನೀರಿನ ಮಟ್ಟ ಬರುತ್ತೆ, ಪೂರ್ತಿ ಮಟ್ಟ 1819 ಅಡಿ. ನಾವು ಅದನ್ನು ಕರೆಂಟ್ ಕಟ್ ಇರುತ್ತಾ ಇಲ್ವಾ ಅಂತ ತಿಳಿಯೋಕೆ ಓದ್ತೀವಿ. ಅಜ್ಜಿ ದಿನಾ ಬೆಳಗ್ಗೆ ಅದನ್ನೇ ಮೊದಲು ಓದೋದು ಯಾಕೆ ಅಂತ ಆ ಬೀಚಿನಲ್ಲಿ ಗೊತ್ತಾಯ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ, ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನ ಹತ್ತಿರ ಮೇಲೆ ಕಾಣುತ್ತೆ. ಇನ್ನೂ ಎಷ್ಟು ಅಡಿ ಇಳಿದರೆ ತಮ್ಮ ಶಾಲೆಯ ಕಟ್ಟೆ ಕಾಣಬಹುದು ಅಂತ ಅಜ್ಜಿ ಮನಸ್ಸಲ್ಲೇ ಕಳೀತಾರೆ.

ಅಲ್ಲಿಂದ ಬಂದ ಮೇಲೆ ದಸರಾ ರಜೆಯಲ್ಲಿ ನಾವು ಒಂದು ಕೆಲಸ ಶುರು ಮಾಡಿದ್ದೀವಿ. ಎಂಜಿನಿಯರಿಂಗ್ ಡ್ರಾಯಿಂಗಿನ ಉಳಿದ ಶೀಟು, ಪೆನ್ಸಿಲ್, ಅಜ್ಜಿ. ಅಕ್ಕ ವಿಡಿಯೋ ಕಾಲಿನಲ್ಲಿ. ಅಜ್ಜಿ ಹೇಳ್ತಾರೆ, ನಾವು ಗೆರೆ ಎಳೀತೀವಿ. ಸರ್ವೇಯಿಂಗ್ ಲ್ಯಾಬಿನಲ್ಲಿ ಕಲಿತದ್ದು ಇಲ್ಲಿ ಅರ್ಧ ಉಪಯೋಗಕ್ಕೆ ಬರಲ್ಲ. ಮನೆಯಿಂದ ಸಂಕಕ್ಕೆ ಎಷ್ಟು ದೂರ ಅಂದರೆ "ಎರಡು ಕೂಗಳತೆ" ಅಂತಾರೆ. ಒಂದು ಕೂಗಳತೆಗೆ ಎಷ್ಟು ಮೀಟರು? ಯಾರು ಕೂಗಿದರು, ಮಳೆ ಇತ್ತಾ ಇಲ್ವಾ ಅನ್ನೋದರ ಮೇಲೆ ಹೋಗುತ್ತೆ. ಕೊನೆಗೆ ನಕ್ಷೆಯ ಮೂಲೆಯಲ್ಲಿ ಅಳತೆಪಟ್ಟಿ ಬರೆಯೋ ಕಡೆ ಕೂಗಳತೆ ಅಂತಲೇ ಬರೆದೆವು. ದಣಪೆಗೆ ಎರಡು ಅಡ್ಡ ಗೆರೆ, ಸಂಕಕ್ಕೆ ಎರಡು ಉದ್ದ ಗೆರೆ, ಕಾಲುದಾರಿಗೆ ಆರ್ಡನೆನ್ಸ್ ಸರ್ವೇಯವರ ಹಾಗೇ ಹಸಿರು ಗೀಟು. 20 ವರ್ಷ ಏನು, ತಲೆಮಾರುಗಳೇ ನಡೆದ ದಾರಿ ಅದು.

ನಕ್ಷೆ ಇನ್ನೂ ಮುಗಿದಿಲ್ಲ. ಶಿವಮೊಗ್ಗದಲ್ಲಿರೋ ಅಜ್ಜಿಯ ಅಣ್ಣನಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದೆವು. ತಕ್ಷಣ ಫೋನ್ ಬಂತು. ಮಾವಿನ ಮರ ಸಂಕದ ಈಚೆ ಇತ್ತು, ಆಚೆ ಅಲ್ಲ ಅಂತ. ಅಜ್ಜಿ ಒಪ್ಪಲಿಲ್ಲ. ನಲವತ್ತು ನಿಮಿಷ ಜಗಳ. ಸದ್ಯಕ್ಕೆ ಶೀಟಿನ ಮೇಲೆ ಎರಡು ಮಾವಿನ ಮರಗಳಿವೆ, ಒಂದು ಪೆನ್ಸಿಲ್ಲಿನಲ್ಲಿ, ಒಂದು ನೀಲಿ ಇಂಕಿನಲ್ಲಿ. ಯಾರದ್ದನ್ನೂ ಅಳಿಸಿಲ್ಲ.